ಬಿಳಿ ಬೆಟ್ಟದಿಂದ ಡೇವಿಡ್‌ವರೆಗೆ: ಅಮೃತಶಿಲೆಯ ಜಾಡಿನಲ್ಲಿ

ಇಟಲಿಯ ಪೀಸಾದಿಂದ ಕರಾರಾ ಕಡೆಗೆ ರೈಲು ಹತ್ತಿದರೆ ಬಲಗಡೆಯ ಕಿಟಕಿಯನ್ನೇ ಹಿಡಿಯಬೇಕು. ಸ್ವಲ್ಪ ಹೊತ್ತಿಗೆ ಅಪುವಾನ್ ಬೆಟ್ಟಗಳು ಕಾಣುತ್ತವೆ. ನಡುಬೇಸಿಗೆಯಲ್ಲೂ ಅವುಗಳ ಮೈ ಬೆಳ್ಳಗೆ! ಮಕ್ಕಳೇ, ಅದು ಹಿಮವಲ್ಲ. ರೋಮನ್ನರ ಕಾಲದಿಂದಲೂ ಅಮೃತಶಿಲೆ ಕಡಿದು ಇಳಿಜಾರಿಗೆ ಸುರಿದ ಚೂರು, ಪುಡಿ.

ಕರಾರಾ-ಅವೆಂಜಾ ನಿಲ್ದಾಣದಲ್ಲಿ ಇಳಿದು ಮೇಲೆ ಹೋದರೆ ಗಣಿಗಳು. ಈಗ ಕಲ್ಲನ್ನು ಕೊಯ್ಯುವುದು ವಜ್ರದ ಮಣಿ ಪೋಣಿಸಿದ ಉಕ್ಕಿನ ತಂತಿ. ಬಂಡೆಯಲ್ಲಿ ಎರಡು ರಂಧ್ರ ಕೊರೆದು, ಒಳಗೆ ಅವು ಒಂದಕ್ಕೊಂದು ಸೇರುವಂತೆ ಮಾಡಿ, ತಂತಿ ತೂರಿಸಿ, ತುದಿಗಳನ್ನು ಜೋಡಿಸಿ ಯಂತ್ರದಿಂದ ತಿರುಗಿಸುತ್ತಾರೆ. ನೀರು ಸುರಿಯುತ್ತಲೇ ಇರಬೇಕು, ಇಲ್ಲದಿದ್ದರೆ ತಂತಿ ಕಾದು ಕೆಡುತ್ತದೆ. ಒಂದು ಘನ ಮೀಟರ್ ಅಮೃತಶಿಲೆ ಸುಮಾರು 2.7 ಟನ್ ತೂಗುತ್ತದೆ. ಅಂದರೆ 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಎತ್ತರದ ತುಂಡು 5 ಟನ್ ದಾಟುತ್ತದೆ. ಲಾರಿಗಳಿಲ್ಲದ ಕಾಲದಲ್ಲಿ ಇಂಥವನ್ನು ಸೋಪು ಸವರಿದ ಮರದ ದಿಮ್ಮಿಗಳ ಮೇಲೆ, ಹಗ್ಗದಿಂದ ಹಿಡಿದು ಜಾರಿಸುತ್ತಿದ್ದರು. ಹಗ್ಗ ಹರಿದರೆ ಕೆಳಗಿದ್ದವರ ಗತಿ ಮುಗಿಯಿತು.

ಕಲ್ಲು ಮೂರ್ತಿಯಾಗುವುದನ್ನು ನೋಡಬೇಕಾದರೆ ಪಿಯೆತ್ರಸಾಂತಕ್ಕೆ ಬರಬೇಕು, ಅದು ಶಿಲ್ಪಿಗಳ ಊರು. ಮೊದಲ ಕೆಲಸ ಕಿವಿಯದು: ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ 'ಟಿಂಗ್' ಎಂದರೆ ಕಲ್ಲು ಗಟ್ಟಿ. 'ದಬ್' ಎಂದರೆ ಒಳಗೆಲ್ಲೋ ಬಿರುಕಿದೆ.

ಶಿಲ್ಪಿ ಮೊದಲು ಜೇಡಿಮಣ್ಣಿನಲ್ಲಿ ಮಾದರಿ ಮಾಡಿ, ಅದರಿಂದ ಅಂಥದ್ದೇ ಪ್ಲಾಸ್ಟರ್ ಪ್ರತಿ ತೆಗೆಯುತ್ತಾನೆ. ಅದರ ಮೇಲೆ ಮೂರು ಬಿಂದುಗಳಲ್ಲಿ ಕೂರುವ ಲೋಹದ ಚೌಕಟ್ಟೊಂದಿದೆ. ಅದರ ಜಾರುವ ಸೂಜಿ ಮೂಗಿನ ತುದಿ ಮುಟ್ಟಿದಾಗ ಬಿಗಿ ಮಾಡಿ, ಚೌಕಟ್ಟನ್ನು ಎತ್ತಿ ಕಲ್ಲಿನ ಮೇಲೆ ಅಂಥದ್ದೇ ಮೂರು ಬಿಂದುಗಳಿಗೆ ಕೂರಿಸಿದರೆ, ಎಷ್ಟು ಆಳ ಕಡಿಯಬೇಕೆಂದು ಸೂಜಿಯೇ ಹೇಳುತ್ತದೆ. ದೊಡ್ಡ ಮೂರ್ತಿಗೆ ಇಂಥ ನೂರಾರು ಬಿಂದುಗಳು. ಒಂದೆರಡು ಮಿಲಿಮೀಟರ್ ಹೆಚ್ಚು ಉಳಿಸಿಕೊಳ್ಳುತ್ತಾರೆ, ಏಕೆಂದರೆ ಹೋದ ಕಲ್ಲು ಮತ್ತೆ ಬರುವುದಿಲ್ಲ.

ಆಮೇಲೆ ಉಳಿಗಳ ಸರದಿ. ಮೊನೆ ಉಳಿಯಿಂದ ದೊಡ್ಡ ಚೂರು ಹಾರಿಸುತ್ತಾರೆ. ಉಳಿಯನ್ನು ನೆಟ್ಟಗೆ ಹಿಡಿದು ಹೊಡೆಯುವುದೇ ಹೊಸಬರು ಮಾಡುವ ತಪ್ಪು. ಪೆಟ್ಟು ಒಳಗಿಳಿದು ಹರಳುಗಳು ನುಜ್ಜಾಗುತ್ತವೆ. ಆ ಬಿಳಿ ಮಚ್ಚೆ ಎಷ್ಟು ಉಜ್ಜಿದರೂ, ಹೊಳಪು ಕೊಟ್ಟ ಮೇಲೂ ಕೆನ್ನೆಯ ಮೇಲೆ ಕಾಣಿಸಿಬಿಡುತ್ತದೆ. ಅದಕ್ಕೇ ಉಳಿ ಓರೆಯಾಗಿರಬೇಕು. ನಂತರ ಹಲ್ಲುಳಿ, ನೆಲಕ್ಕೆ ಕುಂಟೆ ಹೊಡೆದಂತೆ ಸಾಲು ಸಾಲು ಗೆರೆ ಎಳೆಯುತ್ತದೆ. ಅದಾದ ಮೇಲೆ ಚಪ್ಪಟೆ ಉಳಿ, ಅರ, ಕೊನೆಗೆ ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರು ಹೆಚ್ಚಿದಷ್ಟೂ ಅದು ನಯ. 60ನೇ ನಂಬರಿನಿಂದ ನೇರ 400ಕ್ಕೆ ಜಿಗಿದರೆ ಹಳೆಯ ಗೀರು ಉಳಿಯುತ್ತದೆ, ನಡುವಿನ 120, 220 ಬಿಡುವಂತಿಲ್ಲ. ಒದ್ದೆ ಕಲ್ಲಿನ ಮೇಲೆ ಉಳಿ ಮರೆತು ಹೋದರೆ ಬೆಳಿಗ್ಗೆ ತುಕ್ಕಿನ ಕಲೆ. ನಿಂಬೆರಸ ಬಿದ್ದರೂ ಹೊಳಪು ಹೋಯಿತು.

ಹಲ್ಲುಳಿಯ ಗೆರೆಗಳನ್ನು ಹತ್ತಿರದಿಂದ ಕಾಣಲು ಫ್ಲಾರೆನ್ಸಿನ ಅಕಾಡೆಮಿಯಾ ಗ್ಯಾಲರಿಗಿಂತ ಒಳ್ಳೆಯ ಜಾಗ ನಮಗೆ ಗೊತ್ತಿಲ್ಲ. ಶಿಲ್ಪಿ ಮೈಕೆಲಾಂಜೆಲೋ ಅರ್ಧಕ್ಕೆ ಬಿಟ್ಟ 'ಸೆರೆಯಾಳುಗಳು' ಅಲ್ಲಿ ಸಾಲಾಗಿ ನಿಂತಿದ್ದಾರೆ. ಒಬ್ಬನ ತಲೆ ಇನ್ನೂ ಕಲ್ಲಿನೊಳಗೇ ಇದೆ! ಎಲ್ಲರೂ ಇವರನ್ನು ದಾಟಿ ಮೈಕೆಲಾಂಜೆಲೋನ ಹೆಸರಾಂತ ಮೂರ್ತಿ ಡೇವಿಡ್ ಕಡೆ ಓಡುತ್ತಾರೆ. ನೀವು ಇಲ್ಲೇ ಹೆಚ್ಚು ಹೊತ್ತು ನಿಲ್ಲಿ.

5.17 ಮೀಟರ್ ಎತ್ತರದ ಡೇವಿಡ್, ಬೇರೆಯವರು ಕೆತ್ತಲು ಹೊರಟು ಕೈಬಿಟ್ಟಿದ್ದ ಕರಾರಾ ಬಂಡೆಯಿಂದ 1501 ಮತ್ತು 1504ರ ನಡುವೆ ಆದವನು. ಅವನ ಹಿಂದೆ ಹೋಗಿ ಬಲಗಾಲು ನೋಡಿ, ಅದಕ್ಕೆ ಮರದ ಬೊಡ್ಡೆಯೊಂದು ಅಂಟಿಕೊಂಡಿದೆ. ಅಲಂಕಾರಕ್ಕಲ್ಲ. ಅಮೃತಶಿಲೆ ಭಾರ ಹೊರುತ್ತದೆ, ಬಾಗಿದರೆ ಮುರಿಯುತ್ತದೆ. ಇಷ್ಟು ಟನ್ ಮೈಯನ್ನು ಎರಡು ತೆಳು ಕಣಕಾಲುಗಳ ಮೇಲೆ ಬಿಡುವ ಧೈರ್ಯ ಮೈಕೆಲಾಂಜೆಲೋನಿಗೂ ಇರಲಿಲ್ಲ. ಆ ಬೊಡ್ಡೆಯಿದ್ದೂ ಕಣಕಾಲಿನ ಬಳಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಕಾಣಿಸಿಕೊಂಡಿವೆ.