ಬಿಳಿ ಹಡಗು

ಟ್ಯಾಲಿನ್, 25 ಜೂನ್ 2025, ಬುಧವಾರ

ರಾತ್ರಿ ಹತ್ತು ಗಂಟೆ. ಹೊರಗೆ ಇನ್ನೂ ಬೆಳಕಿದೆ. ಎಸ್ಟೋನಿಯಾಕ್ಕೆ ಬಂದು ಇಷ್ಟು ವರ್ಷವಾದರೂ ಇದೊಂದು ನನಗೆ ಅಭ್ಯಾಸವಾಗಿಲ್ಲ.

ಹೇಗ್‌ನಲ್ಲಿ ನ್ಯಾಟೊ ಸೇನಾ ಕೂಟದ ಸಭೆ ಇವತ್ತು ಮುಗಿಯಿತು. 2035ರ ಹೊತ್ತಿಗೆ ಜಿಡಿಪಿಯ ಶೇ 5ರಷ್ಟು ರಕ್ಷಣೆಗೆ ಎಂದು ಒಪ್ಪಿದ್ದಾರೆ. ಸ್ಪೇನ್ ಮಾತ್ರ ತನಗೆ ಅಷ್ಟು ಬೇಡ ಎಂದಿದೆ. ಇಲ್ಲಿ ಮುಂದಿನ ವಾರ ವ್ಯಾಟ್ ಶೇ 22ರಿಂದ 24ಕ್ಕೆ ಏರುತ್ತದೆ, ಅದೂ ರಕ್ಷಣೆಗೇ. ಇರಲಿ, ದುಡ್ಡಿನ ಚಿಂತೆ ಸಣ್ಣದು.

ನನ್ನನ್ನು ಕಾಡುತ್ತಿರುವುದು ನಿನ್ನೆಯ ಮಾತು. ಹೇಗ್‌ಗೆ ಹೊರಟ ವಿಮಾನದಲ್ಲಿ ನ್ಯಾಟೊ ಒಪ್ಪಂದದ 5ನೇ ವಿಧಿಯ ಬಗ್ಗೆ ಕೇಳಿದಾಗ, ಅದಕ್ಕೆ ಹಲವು ಅರ್ಥಗಳಿವೆ ಎಂದರು ಟ್ರಂಪ್. ಇವತ್ತು ಜೊತೆಗಿದ್ದೇವೆ ಎಂದಿದ್ದಾರೆ, ನಿಜ. ಆದರೂ ಸಮಾಧಾನವಾಗದೆ ಆ ವಿಧಿಯನ್ನೇ ತೆಗೆದು ಓದಿದೆ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದ ಹಾಗೆ, ಸರಿ. ಆಮೇಲೆ? ಪ್ರತಿ ದೇಶವೂ ತನಗೆ ಅಗತ್ಯ ಎನಿಸಿದ್ದನ್ನು ಮಾಡಬೇಕು, ಅಷ್ಟೇ. ಸೈನ್ಯ ಕಳಿಸಲೇಬೇಕು ಎಂದಿಲ್ಲ. ಅಂದರೆ ಇಡೀ ಒಪ್ಪಂದ ನಿಂತಿರುವುದು ಕೊಟ್ಟ ಮಾತಿನ ಮೇಲೆ. ಅದನ್ನು ನಾವು ನಂಬಿದರೆ ಸಾಲದು, ಮಾಸ್ಕೋ ಕೂಡ ನಂಬಬೇಕು ಅಲ್ವಾ?

ಈ ವಿಧಿಯನ್ನು ಬಳಸಿದ್ದು ಒಂದೇ ಸಲ. 2001ರಲ್ಲಿ, ಅಮೆರಿಕಕ್ಕಾಗಿ. ಎಸ್ಟೋನಿಯಾ ಆಗಿನ್ನೂ ನ್ಯಾಟೊ ಸೇರಿರಲಿಲ್ಲ, ಸೇರಿದ್ದು 2004ರಲ್ಲಿ. ಆದರೂ ಅಫ್ಗಾನಿಸ್ತಾನಕ್ಕೆ ತನ್ನ ಹುಡುಗರನ್ನು ಕಳಿಸಿತು. 9 ಮಂದಿ ಅಲ್ಲೇ ಜೀವ ಬಿಟ್ಟರು. 14 ಲಕ್ಷ ಜನರೂ ಇಲ್ಲದ ದೇಶ ಇದು.

ಸಂಜೆ ಪಕ್ಕದ ಮನೆಯ ಅಜ್ಜಿ ಒಂದು ಬಟ್ಟಲು ಸ್ಟ್ರಾಬೆರಿ ಹಿಡಿದು ಬಂದರು. 1949ರ ಮಾರ್ಚ್ 25ರಂದು ಅವರಿಗೆ ಆರು ವರ್ಷ. ಆ ನಾಲ್ಕೈದು ದಿನಗಳಲ್ಲಿ ಸೋವಿಯತ್ ಆಡಳಿತದವರು ಇಲ್ಲಿಂದ 20 ಸಾವಿರಕ್ಕೂ ಜಾಸ್ತಿ ಜನರನ್ನು ರೈಲಿನ ದನದ ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಸಾಗಿಸಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ವಾಷಿಂಗ್ಟನ್‌ನಲ್ಲಿ 12 ದೇಶಗಳು ನ್ಯಾಟೊ ಒಪ್ಪಂದಕ್ಕೆ ಸಹಿ ಹಾಕಿದ್ದು ಏಪ್ರಿಲ್ 4ರಂದು. ಹತ್ತೇ ದಿನದ ಅಂತರ! ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ನಾನು ಇವತ್ತೇ.

"ಕರೆದರೆ ಬರುತ್ತಾರಾ?" ಎಂದು ಕೇಳಿದರು ಅಜ್ಜಿ. ಇಲ್ಲಿನ ತಾಪಾ ಸೇನಾ ನೆಲೆಯಲ್ಲಿ 2017ರಿಂದ ಬ್ರಿಟಿಷ್ ಸೈನಿಕರೇ ಇದ್ದಾರಲ್ಲ ಎಂದೆ. ಹೌದು ಎಂದು ತಲೆಯಾಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಿಳಿ ಹಡಗಿನ ವಿಷಯ ಹೇಳಿದರು. ಮಹಾಯುದ್ಧ ಮುಗಿದ ಮೇಲೆ ಪಶ್ಚಿಮದಿಂದ ಒಂದು ಬಿಳಿ ಹಡಗು ಬರುತ್ತದೆ, ನಮ್ಮನ್ನು ಬಿಡಿಸುತ್ತದೆ ಎಂದು ಇಲ್ಲಿನ ಜನ ವರ್ಷಗಟ್ಟಲೆ ಕಾದಿದ್ದರಂತೆ. ಅವರ ಅಮ್ಮ ಸೈಬೀರಿಯಾದಲ್ಲೂ ಕಾದರು, ಸಮುದ್ರವೇ ಇಲ್ಲದ ಊರಿನಲ್ಲಿ.