ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಕೋಲಾರದ ಕಡೆ ವಾರ್ಡಿಗೆ ಹೊಸದಾಗಿ ಸೇರಿರುವ ಸಿಸ್ಟರ್‌ಗಳೇ, ಇನ್ಸುಲಿನ್ ಸಿರಿಂಜ್ ಎರಡು ಬಗೆ. ಕೆಂಪು ಮುಚ್ಚಳದ್ದು 40ರದ್ದು, ಅಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರೋ ಇನ್ಸುಲಿನ್‌ಗೆ; ಕಿತ್ತಳೆ ಮುಚ್ಚಳದ್ದು 100ರದ್ದು, ಒಂದು ಎಂಎಲ್‌ನಲ್ಲಿ 100 ಯೂನಿಟ್ ಇರೋದಕ್ಕೆ. ನೈಟ್ ಡ್ಯೂಟಿಯ ಮಂದ ಬೆಳಕಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮುಚ್ಚಳ ತೆಗೆದು ಬಿಸಾಕಿದ ಮೇಲಂತೂ ಕೇಳಲೇಬೇಡಿ. ಬ್ಯಾರಲ್ (ಸಿರಿಂಜಿನ ಕೊಳವೆ) ಮೇಲಿನ ಅಂಕಿ ಓದಿ, ವಯಲ್ (ಔಷಧಿಯ ಪುಟ್ಟ ಬಾಟಲಿ) ಮೇಲಿನದನ್ನೂ ಓದಿ.

ಲೆಕ್ಕ ಹೀಗಿದೆ. 40ರ ವಯಲ್‌ನಲ್ಲಿ 20 ಯೂನಿಟ್ ಅಂದರೆ ಅರ್ಧ ಎಂಎಲ್. ಅದನ್ನೇ 100ರ ಸಿರಿಂಜಲ್ಲಿ 20ರ ಗೆರೆವರೆಗೆ ಎಳೆದರೆ ಬರೋದು 0.2 ಎಂಎಲ್, ಅಂದರೆ ಬರೀ 8 ಯೂನಿಟ್. ಶುಗರ್ ಇಳಿಯಲ್ಲ, ಡಾಕ್ಟರ್ ಡೋಸ್ ಏರಿಸ್ತಾರೆ. ಸರಿಯಾದ ಸಿರಿಂಜ್ ಬಂದ ದಿನ ಏರಿಸಿದ ಡೋಸ್ ಪೂರ್ತಿ ಹೋಗಿ, ಶುಗರ್ ತೀರಾ ಇಳಿದು ರೋಗಿ ಬೆವರಿ ಕುಸೀತಾರೆ. ಉಲ್ಟಾ ಆದರೆ ಇನ್ನೂ ಅಪಾಯ: ಇನ್ಸುಲಿನ್ ಪೆನ್ನಿನ 100ರ ಕಾರ್ಟ್ರಿಡ್ಜ್‌ನಿಂದ (ಪೆನ್ನೊಳಗಿನ ಔಷಧಿ ಕೊಳವೆ) 40ರ ಸಿರಿಂಜಿಗೆ 20ರವರೆಗೆ ಎಳೆದರೆ ಮೈಗೆ ಹೋಗೋದು 50 ಯೂನಿಟ್. ಕಾರ್ಟ್ರಿಡ್ಜ್‌ನಿಂದ ಸಿರಿಂಜಿಗೆ ಎಳೆಯೋ ಅಭ್ಯಾಸವನ್ನೇ ಬಿಡಿಸಬೇಕು.

ಡಬಲ್ ಚೆಕ್, ಅಂದರೆ ಡೋಸನ್ನು ಇನ್ನೊಬ್ಬ ಸಿಸ್ಟರ್ ನೋಡೋದು, ಅದರ ಬಗ್ಗೆ ಒಂದು ಮಾತು. "ಅಕ್ಕಾ, 20 ಅಲ್ವಾ?" ಅಂದರೆ ಯಾರಾದರೂ "ಹ್ಞೂಂ" ಅಂತಾರೆ, ಅದು ಚೆಕ್ ಅಲ್ಲ. ಚಾರ್ಟ್, ವಯಲ್, ಸಿರಿಂಜ್ ಮೂರನ್ನೂ ಅವರ ಕೈಗೆ ಕೊಟ್ಟು ಸುಮ್ಮನಿರಿ, ಎಷ್ಟು ಅಂತ ಅವರೇ ಹೇಳಲಿ. ತಪ್ಪು ಸಿಕ್ಕರೆ ಬೈಯದೆ ರಿಜಿಸ್ಟರ್‌ನಲ್ಲಿ ಬರೆಸಿ. ಬೈದರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ. ಹೆಸರು ಬೇಡ, ಯಾವ ಶಿಫ್ಟ್, ಯಾವ ಟ್ರೇ ಅಷ್ಟೇ ಸಾಕು.

ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮೊದಲು. ಮನೆಯವರು ಶ್ರೀನಿವಾಸಪುರದಿಂದ ಬಸ್ಸಲ್ಲಿ ಮುದ್ದೆ-ಸಾರು ತರ್ತಿದ್ದರೆ, ಡಬ್ಬಿ ಬಂತಾ ಅಂತ ಕೇಳಿ, ಆಮೇಲೆ ಸೂಜಿ.