ಬದಲಿ ಪೆಲೆಟ್‌ಗಳ ತಕರಾರು ಮತ್ತು ಇಳಿಜಾರಿನ ಗಾಜು

ಗಾಳಿಯ ಒತ್ತಡದಿಂದ ಹೊಡೆಯುವ ಹತ್ತು ಮೀಟರ್ ಏರ್ ಪಿಸ್ತೂಲಿಗೆ ಬದಲಿ ಪೆಲೆಟ್ (ಸೀಸದ ಪುಟ್ಟ ಗುಂಡು) ಹೊಂದಿಸುವ ಕೆಲಸ ಕೊನೆಗೂ ಒಂದು ಹಂತಕ್ಕೆ ಬಂದಿದೆ. ವೇಗ ಅಳೆಯುವ ಕ್ರೋನೋಗ್ರಾಫ್ ಮತ್ತು ತಕ್ಕಡಿ ಎರಡೂ ಕೈಚೆಲ್ಲಿದ ಮೇಲೆ ಕೆಲಸಕ್ಕೆ ಬಂದದ್ದು ದಾವಣಗೆರೆಯ ಮಂಡಿಪೇಟೆಯಲ್ಲಿ ಕತ್ತರಿಸಿಕೊಂಡು ತಂದ ಕಿಟಕಿ ಗಾಜಿನ ಒಂದು ತುಂಡು. ಪಿಸ್ತೂಲನ್ನು ಅಲುಗದಂತೆ ಹಿಡಿಯುವ ವೈಸಿಗೆ ಬಿಗಿಯುವುದು, ಬ್ಯಾರೆಲ್ ಶುಚಿ ಮಾಡುವುದು, ಸಿಲಿಂಡರನ್ನು ಪ್ರತಿ ಪರೀಕ್ಷೆಗೂ ಒಂದೇ ಒತ್ತಡಕ್ಕೆ ತುಂಬಿಸಿಕೊಳ್ಳುವುದು ಇವೆಲ್ಲ ಬಲ್ಲವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಬಿಟ್ಟುಬಿಡುತ್ತೇನೆ. ಏಪ್ರಿಲ್ ತಿಂಗಳ ದಾವಣಗೆರೆಯ ಸೆಕೆಯಲ್ಲಿ ಕೈಪಂಪಿನಿಂದ 200 ಬಾರ್ ಒತ್ತಡಕ್ಕೆ ಗಾಳಿ ತುಂಬುವುದು ಗುರಿ ಅಭ್ಯಾಸವೋ ಗರಡಿ ಅಭ್ಯಾಸವೋ ಎಂಬ ಪ್ರಶ್ನೆಯನ್ನು ಮಾತ್ರ ದಾಖಲಿಸಿಡುತ್ತೇನೆ.

ಬದಲಿ ಏಕೆ ಬೇಕಾಯಿತೆಂದರೆ, ನನ್ನ ಬ್ಯಾರೆಲ್ಲಿಗೆ ಒಗ್ಗಿದ್ದ ಆರ್‌ಡಬ್ಲ್ಯೂಎಸ್ ಆರ್10 ಪಿಸ್ತೂಲ್ ಪೆಲೆಟ್, ಅಂದರೆ 0.45 ಗ್ರಾಮಿನದು, ಸಿಗುವುದು ನಿಂತುಹೋಯಿತು. ಮಾರಾಟಗಾರರ ವರ್ತನೆಯ ಬಗ್ಗೆ ಬರೆಯಹೊರಟರೆ ಅದೇ ಒಂದು ಪುರಾಣವಾದೀತು. ಹಣ ಕಟ್ಟುವವರೆಗೆ "ಸ್ಟಾಕ್ ಇದೆ ಸರ್" ಎನ್ನುವವರು, ಕಟ್ಟಿದ ಮರುದಿನವೇ "ಮುಂದಿನ ಕಂಟೇನರ್ ಬರಲಿ ಸರ್" ಎನ್ನುತ್ತಾರೆ. ಕೊನೆಗೆ ಬಂದದ್ದು ಬೇರೆ ತಯಾರಕರ 0.53 ಗ್ರಾಮಿನ ಡಬ್ಬಿ. ಅದರ ಮೂಲೆ ನೆಗ್ಗಿತ್ತು, ಪೆಲೆಟ್ಟಿನ ತಲೆಯ, ಅಂದರೆ ಮುಂತುದಿಯ, ಅಳತೆ ಮುದ್ರಿಸಿದ್ದ ಜಾಗದ ಮೇಲೆ 4.50 ಎಂಬ ಇನ್ನೊಂದು ಚೀಟಿ ಅಂಟಿಸಿತ್ತು. ಕೇಳಿದರೆ "ಎಲ್ಲಾ ಒಂದೇ ಸರ್, ಹೊಡೆದು ನೋಡಿ" ಎಂಬ ಉತ್ತರ ಬಂತು. ಹೊಡೆದು ನೋಡಿದೆ. ಎಲ್ಲಾ ಒಂದೇ ಆಗಿರಲಿಲ್ಲ.

ಹೊರದೇಶಗಳಲ್ಲಿ ಮದ್ದಿನಿಂದ ಸಿಡಿಯುವ ಸೆಂಟರ್‌ಫೈರ್ ಪಿಸ್ತೂಲಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವವರು ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಅಥವಾ ಮದ್ದು ಬದಲಾದಾಗ ಒಂದು ಶಿಸ್ತನ್ನು ಪಾಲಿಸುತ್ತಾರೆ. ಒಮ್ಮೆಗೆ ಒಂದೇ ಸಾಮಗ್ರಿಯನ್ನು ಬದಲಿಸಬೇಕು, ಬದಲಿಸಿದ ಮೇಲೆ ಹಳೆಯ ಅಳತೆಯನ್ನು ನಂಬದೆ ಮತ್ತೆ ಕೆಳಗಿನಿಂದ ಆರಂಭಿಸಬೇಕು, ಏಕೆಂದರೆ ಪ್ರೈಮರಿನ ಕಾವು ಹೆಚ್ಚಾದರೂ ಪಿಸ್ತೂಲಿನಲ್ಲಿ ತೋಟಾ ಕೂರುವ ಗೂಡಿನೊಳಗಿನ ಒತ್ತಡ ಏರುತ್ತದೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕಾಗಿರುವುದರಿಂದ ಹವ್ಯಾಸಿಗಳ ಮಟ್ಟಿಗೆ ಮದ್ದಿನ ನಂಟು ಚಿತ್ರದುರ್ಗದ ಕೋಟೆಯಲ್ಲಿರುವ ಮದ್ದು ಬೀಸುವ ಕಲ್ಲುಗಳನ್ನು ನೋಡಿ ಬರುವುದಕ್ಕೆ ಸೀಮಿತವಾಗಿದೆ. 4.5 ಮಿ.ಮೀ. ಕ್ಯಾಲಿಬರಿನ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಅಂಥ ಪರವಾನಗಿಯ ಗೋಜಿಲ್ಲ, ಒತ್ತಡ ಏರಿ ಅನಾಹುತವಾಗುವ ಭಯವೂ ಇಲ್ಲ. ಆದರೂ ಒಮ್ಮೆಗೆ ಒಂದೇ ಬದಲಾವಣೆ ಎಂಬ ಅವರ ಶಿಸ್ತನ್ನು ಎರವಲು ಪಡೆದು, ಪೆಲೆಟ್ ಒಂದನ್ನು ಬಿಟ್ಟು ಉಳಿದ ಯಾವುದನ್ನೂ ಮುಟ್ಟದಿರಲು ನಿರ್ಧರಿಸಿದೆ.

ಪೆಲೆಟ್ ಭಾರವಾದದ್ದರಿಂದ ಪೆಟ್ಟು ಕೆಳಗಿಳಿಯುವುದು ನಿರೀಕ್ಷಿತವೇ ಆಗಿತ್ತು. 0.45 ಗ್ರಾಮಿನ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಹತ್ತು ಮೀಟರ್ ಕ್ರಮಿಸುವಷ್ಟರಲ್ಲಿ ಸುಮಾರು 22 ಮಿ.ಮೀ. ಕೆಳಗಿಳಿಯುತ್ತದೆ. ಅಷ್ಟೇ ಶಕ್ತಿಯಲ್ಲಿ 0.53 ಗ್ರಾಮಿನದು ಸೆಕೆಂಡಿಗೆ 138 ಮೀಟರಿನಂತೆ ಹೋಗಿ ಸುಮಾರು 26 ಮಿ.ಮೀ. ಇಳಿಯುತ್ತದೆ. ಪಿಸ್ತೂಲ್ ಗುರಿಹಲಗೆಯಲ್ಲಿ ಒಂದು ಉಂಗುರದಿಂದ ಇನ್ನೊಂದಕ್ಕೆ 8 ಮಿ.ಮೀ. ಅಂತರವಿರುವುದರಿಂದ ಇದು ಅರ್ಧ ಉಂಗುರದ ಮಾತು. ಪಿಸ್ತೂಲಿನ ಹಿಂಬದಿಯ ಸೈಟನ್ನು, ಅಂದರೆ ಗುರಿ ನೋಡುವ ಕಿಂಡಿಯನ್ನು, ಕೆಲವು ಕ್ಲಿಕ್ ತಿರುಗಿಸಿದರೆ ಮುಗಿಯಿತು.

ಮುಗಿಯದಿದ್ದದ್ದು ಗ್ರೂಪಿನ, ಅಂದರೆ ಒಂದೇ ಗುರಿಗೆ ಹೊಡೆದ ಪೆಟ್ಟುಗಳ ಗುಂಪಿನ, ಗಾತ್ರ. ಹಳೆಯ ಪೆಲೆಟ್ ವೈಸಿನಿಂದ ಐದು ಹೊಡೆದರೆ ಅಂಚಿನಿಂದ ಅಂಚಿಗೆ 6 ಮಿ.ಮೀ. ತೂತು ಮಾಡುತ್ತಿತ್ತು. ಹೊಸದು 13 ಮಿ.ಮೀ. ತನಕ ಹರಡಿತು. ಹತ್ತರ ಉಂಗುರದ ವ್ಯಾಸವೇ 11.5 ಮಿ.ಮೀ. ಎಂಬುದನ್ನು ನೆನೆದರೆ, ಯಂತ್ರವೇ ಇಷ್ಟು ಚೆಲ್ಲಾಡುವಾಗ ನಡುಗುವ ಕೈಯನ್ನು ಬೈದು ಪ್ರಯೋಜನವಿಲ್ಲ. ಮೊದಲ ಅನುಮಾನ ವೇಗದ ಏರುಪೇರಿನ ಮೇಲೆ ಹೋಯಿತು. ಕ್ರೋನೋಗ್ರಾಫ್ ಟ್ಯೂಬ್‌ಲೈಟಿನ ಮಿಣುಕಿಗೆ ಬೆದರಿ ಒಮ್ಮೊಮ್ಮೆ ಸೂಪರ್‌ಸಾನಿಕ್ ಅಂಕಿಗಳನ್ನು ತೋರಿಸಿದರೂ, ದೀಪ ಆರಿಸಿ ಹಗಲು ಬೆಳಕಿನಲ್ಲಿ ಅಳೆದಾಗ ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ವೇಗಗಳ ನಡುವೆ ಸೆಕೆಂಡಿಗೆ 4 ಮೀಟರ್ ವ್ಯತ್ಯಾಸ ಸಿಕ್ಕಿತು. ಲೆಕ್ಕ ಹಾಕಿದರೆ ಅದರಿಂದ ಬರುವ ಏರಿಳಿತ ಒಂದೂವರೆ ಮಿ.ಮೀ. ಮಾತ್ರ. ಅದಕ್ಕಿಂತ ಮುಖ್ಯವಾಗಿ, ವೇಗದ ದೋಷ ಗ್ರೂಪನ್ನು ಮೇಲೆ ಕೆಳಗೆ ಎಳೆಯಬಲ್ಲದೇ ಹೊರತು ಎಡಬಲಕ್ಕೆ ಎಳೆಯಲಾರದು. ನನ್ನ ಗ್ರೂಪ್ ಎತ್ತರದಷ್ಟೇ ಅಗಲವೂ ಇತ್ತು. ಹೀಗಾಗಿ ವೇಗವನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಬೇಕಾಯಿತು.

ಮುಂದಿನ ಅನುಮಾನ ತೂಕ. ಮನೆಯ ಜೇಬು ತಕ್ಕಡಿ 0.01 ಗ್ರಾಮಿನವರೆಗೆ ಮಾತ್ರ ತೋರಿಸುವುದರಿಂದ ಅರ್ಧ ಗ್ರಾಮಿನ ವಸ್ತುವಿಗೆ ಅದು ಕುರುಡು. ಪರಿಚಯದ ಅಕ್ಕಸಾಲಿಗರೊಬ್ಬರು ಮಿಲಿಗ್ರಾಮ್ ತಕ್ಕಡಿಯನ್ನು ಬಳಸಲು ಕೊಟ್ಟರು; ಸೀಸವನ್ನು ಚಿನ್ನದಷ್ಟು ಜೋಪಾನವಾಗಿ ತೂಗುವ ಗಿರಾಕಿಯನ್ನು ಅವರು ಹಿಂದೆ ಕಂಡಿರಲಿಕ್ಕಿಲ್ಲ. ತೂಕವಾರು ವಿಂಗಡಿಸಿ ಹೊಡೆದರೂ ತೂತು ಒಂದಿಷ್ಟೂ ಕಿರಿದಾಗಲಿಲ್ಲ.

ಉಳಿದದ್ದು ತಲೆಯ ವ್ಯಾಸ. ತಲೆ ಬ್ಯಾರೆಲ್ಲಿನ ಸುರುಳಿಗೆರೆಗಳ ಮೇಲೆ ಸಮನಾಗಿ ಕೂರದಿದ್ದರೆ ಪೆಲೆಟ್ ಓರೆಯಾಗಿ ಹೊರಬರುತ್ತದೆ, ಆಗ ಹರಡುವಿಕೆಗೆ ಇಂಥದೇ ದಿಕ್ಕೆಂಬುದು ಇರುವುದಿಲ್ಲ. ಇದನ್ನು ಮೈಕ್ರೋಮೀಟರಿನಿಂದ ಅಳೆಯುವುದು ಹೇಳಿದಷ್ಟು ಸುಲಭವಲ್ಲ, ಸೀಸ ಎಷ್ಟು ಮೆದುವೆಂದರೆ ಅಳೆಯುವ ಒತ್ತಡಕ್ಕೇ ಅಳತೆ ಬದಲಾಗಿಬಿಡುತ್ತದೆ. ಆಗ ನೆನಪಾದದ್ದು ಉರುಳಿಸಿ ನೋಡುವ ಹಳೆಯ ವಿಧಾನ. ಪೆಲೆಟ್ಟಿನ ತಲೆ ಅದರ ಹಿಂತುದಿಯ ಅಗಲವಾದ ಸ್ಕರ್ಟಿಗಿಂತ ಕಿರಿದಾಗಿರುವುದರಿಂದ, ನೆಲದ ಮೇಲೆ ಬಿದ್ದ ಲೋಟದಂತೆ ಅದು ನೇರವಾಗಿ ಉರುಳದೆ ಕಿರಿದಾದ ತುದಿಯ ಕಡೆಗೆ ಬಾಗಿ ಹೋಗುತ್ತದೆ.

ಈ ಬಾಗುವಿಕೆಯ ಸೊಗಸು ಲೆಕ್ಕದಲ್ಲಿದೆ. ಸ್ಕರ್ಟ್ 4.70 ಮಿ.ಮೀ., ತಲೆ 4.50 ಮಿ.ಮೀ., ಇವೆರಡೂ ನೆಲ ಮುಟ್ಟುವ ಬಿಂದುಗಳ ನಡುವೆ 4 ಮಿ.ಮೀ. ಅಂತರವಿದೆ ಎಂದುಕೊಳ್ಳೋಣ. ಅದು ಸಮತಟ್ಟಿನ ಮೇಲೆ ಎಳೆಯುವ ವೃತ್ತದ ತ್ರಿಜ್ಯ 4ನ್ನು 4.70ರಿಂದ ಗುಣಿಸಿ 0.20ರಿಂದ ಭಾಗಿಸಿದಷ್ಟು, ಅಂದರೆ 94 ಮಿ.ಮೀ. ತಲೆ 4.52 ಆದರೆ ತ್ರಿಜ್ಯ 104 ಮಿ.ಮೀ. ದಾಟುತ್ತದೆ. ಬೆರಳಿಗೂ ಕಣ್ಣಿಗೂ ಸಿಗದ 0.02 ಮಿ.ಮೀ. ವ್ಯತ್ಯಾಸ ಗಾಜಿನ ಮೇಲೆ 10 ಮಿ.ಮೀ. ಆಗಿ ಹಿಗ್ಗುತ್ತದೆ. ತಲೆ ಮತ್ತು ಸ್ಕರ್ಟ್ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯುವುದು ಕಷ್ಟ ಎಂಬ ಮಿತಿಯನ್ನು ಮಾತ್ರ ಮರೆಯಬಾರದು.

ಗಾಜಿನ ಒಂದು ಅಂಚಿನ ಕೆಳಗೆ ಹಳೆಯ ಪಂಚಾಂಗವೊಂದನ್ನು ಇಟ್ಟು ಅಲ್ಪ ಇಳಿಜಾರು ಕೊಟ್ಟೆ, ಕೆಳಗಿನ ಅಂಚಿಗೆ ಮಿ.ಮೀ. ಗೆರೆಗಳ ಕಾಗದ ಅಂಟಿಸಿದೆ, ಪೆಲೆಟ್ಟನ್ನು ಪ್ರತಿ ಸಲವೂ ಒಂದೇ ಗುರುತಿನಲ್ಲಿ ಅಳತೆಪಟ್ಟಿಗೆ ಒರಗಿಸಿ ಪಟ್ಟಿಯನ್ನು ಎತ್ತಿದೆ. ಫ್ಯಾನ್ ತಿರುಗುತ್ತಿದ್ದರೆ ಈ ಕೆಲಸ ಸಾಧ್ಯವಿಲ್ಲ, ಆದ್ದರಿಂದ ಬೇಸಿಗೆಯ ಕರೆಂಟ್ ಕಡಿತಕ್ಕೆ ಜೀವನದಲ್ಲಿ ಮೊದಲ ಬಾರಿಗೆ ಕೃತಜ್ಞನಾದೆ. ಫಲಿತಾಂಶ ಬಹಳ ಸ್ಪಷ್ಟವಾಗಿತ್ತು. ಪೆಲೆಟ್‌ಗಳು ಅಂಚಿನ ಉದ್ದಕ್ಕೂ ಹರಡುವ ಬದಲು ಎರಡು ಕಡೆ ಗುಂಪುಗಟ್ಟಿದವು, ನಡುವೆ ಬಂದು ನಿಂತವು ಬೆರಳೆಣಿಕೆಯಷ್ಟು. ಎರಡು ಬೇರೆ ಅಚ್ಚುಗಳಿಂದ ಬಂದ ಸರಕು ಒಂದೇ ಡಬ್ಬಿಯಲ್ಲಿ ಸೇರಿದೆ ಎಂಬುದು ನನ್ನ ತೀರ್ಮಾನ. ಚೀಟಿಯ ಮೇಲೆ ಚೀಟಿ ಅಂಟಿಸಿದ್ದರ ಅರ್ಥವೂ ಆಗ ಹೊಳೆಯಿತು. ಸ್ಕರ್ಟ್ ನೆಗ್ಗಿದವು ಕುಂಟುತ್ತ ಎಲ್ಲೆಲ್ಲೋ ಹೋದವು, ಅವನ್ನು ಬೇರೆಯೇ ಇಟ್ಟೆ.

ಕಡಿಮೆ ಬಾಗಿದ ಗುಂಪು, ಅಂದರೆ ದೊಡ್ಡ ತಲೆಯವು, ವೈಸಿನಿಂದ 7 ಮಿ.ಮೀ. ಗ್ರೂಪ್ ಕೊಟ್ಟಿವೆ. ಹೆಚ್ಚು ಬಾಗಿದವು 9 ಮಿ.ಮೀ. ಕೊಟ್ಟು ಸ್ವಲ್ಪ ಬಲಕ್ಕೆ ಬೀಳುತ್ತವೆ. ಎರಡನ್ನೂ ಬೆರೆಸಿದಾಗ 13 ಮಿ.ಮೀ. ಬಂದದ್ದರಲ್ಲಿ ಇನ್ನು ಯಾವ ರಹಸ್ಯವೂ ಉಳಿದಿಲ್ಲ.

ಈ ನಡುವೆ ಮುಂದಿನ ಕೆಲಸ ಆಗಲೇ ಕರೆಯುತ್ತಿದೆ. ಹೊನ್ನೆ ಮರದ ತುಂಡೊಂದು ಸಿಕ್ಕಿದೆ, ಅದರಲ್ಲಿ ನನ್ನ ಅಂಗೈಗೆ ಹೊಂದುವ ಹಿಡಿ ಕೆತ್ತಬೇಕು. ಇಡೀ ಪಿಸ್ತೂಲು 420, 200 ಮತ್ತು 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು, ತೂಕ 1500 ಗ್ರಾಂ ಮೀರಬಾರದು ಎಂಬ ಸ್ಪರ್ಧಾ ನಿಯಮವಿರುವಾಗ ಹೊನ್ನೆಯ ಭಾರ ತೊಂದರೆ ಕೊಡುತ್ತದೆಯೇ ಎಂಬುದನ್ನು ಅಕ್ಕಸಾಲಿಗರ ತಕ್ಕಡಿಯನ್ನು ಬಿಟ್ಟು ಬೇರೆ ಕಡೆ ತೂಗಿಸಿ ನೋಡಬೇಕಾಗಿದೆ. ಆದರೆ ಅದಕ್ಕೆ ಮೊದಲು ಡಬ್ಬಿಯಲ್ಲಿ ಉಳಿದಿರುವ ಪೆಲೆಟ್‌ಗಳನ್ನೆಲ್ಲ ಉರುಳಿಸಿ ಮುಗಿಸಬೇಕು. ದೊಡ್ಡ ತಲೆಯವನ್ನು ಸ್ಪರ್ಧೆಗೆಂದು ಎತ್ತಿಡುತ್ತೇನೆ, ಸಣ್ಣ ತಲೆಯವು ದಿನನಿತ್ಯದ ಅಭ್ಯಾಸಕ್ಕೆ ಸಾಕು, ನೆಗ್ಗಿದವನ್ನು ಮಾರಾಟಗಾರರ ವಿಳಾಸಕ್ಕೆ "ಎಲ್ಲಾ ಒಂದೇ ಸರ್" ಎಂಬ ಚೀಟಿಯೊಂದಿಗೆ ಕಳಿಸುವ ಆಲೋಚನೆಯಿದೆ.